ಹದಿನಾಲ್ಕನೇ ಫಾರಂ

ಶರಣನ ಕಾದಂಬರಿಯನ್ನು ಕೊನೆಯ ಪುಟದವರೆಗೆ ಓದಿದ ಮೊದಲ ಮನುಷ್ಯ ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಫೋನು ಮಾಡಿದ. ಆ ಹೊತ್ತಿಗೆ ಶರಣ, ಬಿಟ್ಟ ಕೆಲಸಕ್ಕೆ ವಾಪಸು ಬರುತ್ತೇನೆಂದು ಬೆಂಗಳೂರಿಗೆ ಬರೆಯಬೇಕಾಗಿದ್ದ ಇಮೇಲಿನ ಎರಡನೇ ಸಾಲನ್ನು ಆರನೇ ಸಲ ಅಳಿಸುತ್ತಿದ್ದ.

"ನೀವೇನಾ ಸಾರ್ 'ವೆಂಕಮ್ಮನ ಖಾನಾವಳಿ' ಬರ್ದವ್ರು? ನಾನು ಸಿದ್ದಾಪುರದಿಂದ ಗಣಪ, ಟೇಲರ್ ಗಣಪ. ಒಂದೇ ಒಂದು ಮಾತು ಕೇಳೂದಿತ್ತು. ವೆಂಕಮ್ಮ ಬಾಗ್ಲು ತೆಗದ್ಲಾ, ಇಲ್ವಾ?"

ಶರಣನಿಗೆ ಅರ್ಥವಾಗಲಿಲ್ಲ. "ಪುಸ್ತಕದಾಗ ಐತೆಲ್ರಿ?"

"ಎಲ್ಲಿದೆ ಮಾರಾಯ್ರೇ? ಇಪ್ಪತ್ತು ವರ್ಷದ ಹಿಂದೆ ಓಡಿಹೋದ ಗಂಡ ಬಂದ ಅಂತ ಊರೆಲ್ಲ ಗುಲ್ಲಾಯ್ತು. ಬಾಗ್ಲು ಬಡದ ಸದ್ದಾಯ್ತು. 'ವೆಂಕಮ್ಮ ಚಿಲಕಕ್ಕೆ ಕೈ ಹಾಕಿದಳು' ಅಂತಿದೆ. ಅದ್ರ ಮುಂದೆ ರಟ್ಟು."

ಶರಣ ಫೋನು ಹಿಡಿದೇ ಮಂಚದ ಕೆಳಗೆ ನುಗ್ಗಿ ಪುಸ್ತಕದ ಕಟ್ಟು ಎಳೆದ. ಇನ್ನೂರ ಎಂಟನೇ ಪುಟ, ಚಿಲಕ, ರಟ್ಟು. ಇನ್ನೊಂದು ಪ್ರತಿ ತೆಗೆದ. ಚಿಲಕ, ರಟ್ಟು. ಹತ್ತು ಪ್ರತಿ ನೋಡಿದ. ಹತ್ತರಲ್ಲೂ ವೆಂಕಮ್ಮ ಚಿಲಕ ಹಿಡಿದೇ ನಿಂತಿದ್ದಳು. ಹದಿನಾರು ಪುಟಕ್ಕೊಂದು ಫಾರಂ ಎಂಬ ಲೆಕ್ಕದಲ್ಲಿ ಅಚ್ಚಾದ ಆ ಪುಸ್ತಕಕ್ಕೆ ಹದಿನಾಲ್ಕು ಫಾರಂ ಇರಬೇಕಿತ್ತು. ಹೊಲಿಗೆಯೊಳಗೆ ಇದ್ದದ್ದು ಹದಿಮೂರೇ.

ಶಾಲೆಗೆ ಹೊರಟಿದ್ದ ಹೆಂಡತಿ ಸ್ಫೂರ್ತಿ ಬಾಗಿಲಲ್ಲಿ ನಿಂತಳು. "ಮುನ್ನೂರು ಪುಸ್ತಕ ಬಂದು ನಾಕು ತಿಂಗಳಾತು. ಒಂದನ್ನಾರ ಪೂರ್ತಿ ತೆರೆದು ನೋಡಲಿಲ್ಲೇನ್ರಿ?"

"ಮೂರನೇ ಪುಟದಾಗ ಒಂದು ತಪ್ಪು ಕಂಡಿತ್ತು. ಹೆದರಿ ಮುಚ್ಚಿಬಿಟ್ಟೆ."

ಶರಣ ಹದಿಮೂರು ವರ್ಷ ಒಂದು ಬ್ಯಾಂಕಿನ ಲಾಗಿನ್ ಪುಟವನ್ನು ರಿಪೇರಿ ಮಾಡಿದವನು. ಆ ಪುಟ ತೆರೆಯುವವರು ಲಕ್ಷಾಂತರ ಮಂದಿ, ಓದುವವರು ಒಬ್ಬರೂ ಇಲ್ಲ. ತಲೆ ತುಂಬ ಕತೆ ಇಟ್ಟುಕೊಂಡು ಅಲ್ಲಿ ಕೂರಲಾಗದೆ ಹೋದ ವರ್ಷ ರಾಜೀನಾಮೆ ಕೊಟ್ಟು, ಸ್ಫೂರ್ತಿ ಕಲಿಸುತ್ತಿದ್ದ ಶಿರಸಿಗೆ ಬಂದು, ಬಾಡಿಗೆ ಮನೆಯ ಗೇಟಿಗೆ 'ಶರಣ, ಸ್ವತಂತ್ರ ಕಾದಂಬರಿಕಾರ' ಎಂದು ಬೋರ್ಡು ತೂಗುಹಾಕಿದ್ದ. ಪಕ್ಕದ ಮನೆಯ ಸಂಗಯ್ಯ, ನಿವೃತ್ತ ಸರ್ವೇಯರ್, ಬೋರ್ಡನ್ನು ಎರಡು ಸಲ ಓದಿ, "ಸ್ವತಂತ್ರ ಅಂದ್ರ? ಯಾವ ಪಕ್ಷದಾಗೂ ಟಿಕೆಟ್ ಸಿಗಲಿಲ್ಲೇನ್ರಿ?" ಎಂದು ಕೇಳಿದ್ದರು. ಆಮೇಲೆ, ಶರಣನನ್ನು ಕಂಪನಿಯವರೇ ಹೊರಗೆ ಹಾಕಿದ್ದಾರೆಂದು ಓಣಿಗೆಲ್ಲ ತಿಳಿಸಿ, ಪಾಪ ಅವನನ್ನು ಯಾರೂ ಏನೂ ಕೇಳಬಾರದು ಎಂದು ಎಲ್ಲರಿಂದ ಮಾತು ತೆಗೆದುಕೊಂಡಿದ್ದರು.

ಮೊನ್ನೆ ಹಳೆಯ ಮ್ಯಾನೇಜರ್ ಕಿರಣನ ಫೋನು ಬಂದಿತ್ತು. "ನಿನ್ನ ಜಾಗ ಖಾಲಿ ಇದೆ. ಶುಕ್ರವಾರ ಸಂಜೆ ಐದರೊಳಗೆ ಬರ್ತೀನಿ ಅಂದ್ರೆ ಸರಿ. ಆಮೇಲೆ ನನ್ನ ಕೈಲಿಲ್ಲ." ಪುಸ್ತಕ ಬಂದು ನಾಲ್ಕು ತಿಂಗಳಾದರೂ ಚೆನ್ನಾಗಿದೆ ಎಂದೋ ಚೆನ್ನಾಗಿಲ್ಲ ಎಂದೋ ಒಂದು ನರಪಿಳ್ಳೆಯೂ ಹೇಳಿರಲಿಲ್ಲ. ಶರಣ ಅಂದಿನಿಂದ ಒಲೆ ಮೇಲಿಟ್ಟು ಮರೆತ ಹಾಲಿನಂತೆ ಒಳಗೊಳಗೇ ಕುದಿಯುತ್ತಿದ್ದ.

ಈಗ ಒಬ್ಬ ಓದುಗ ಸಿಕ್ಕಿದ್ದಾನೆ. ಅವನ ಕೈಗೆ ಸಿಕ್ಕಿದ್ದು ಮೊಂಡು ಪುಸ್ತಕ!

ಮೊದಲು ಪ್ರೆಸ್ಸಿಗೆ ಫೋನು ಹಚ್ಚಿದ. ಮಾಲೀಕರು, "ಅದು ಬೈಂಡರ್ ಕೆರಿಯಪ್ಪನ ಕೆಲಸ. ಇವತ್ತು ಮಗಳ ಮನೆಗೆ ಹೋಗಿದಾನೆ, ಸಂಜೆ ಬರ್ತಾನೆ, ಅವನನ್ನೇ ಕೇಳಿ" ಎಂದು ಇಟ್ಟುಬಿಟ್ಟರು. ಪಿಡಿಎಫ್ ಕಳಿಸುತ್ತೇನೆಂದರೆ ಗಣಪ ಒಪ್ಪಲಿಲ್ಲ. "ನಾ ಓದಿ ಹೇಳೂದು ನಮ್ಮ ಅವ್ವಂಗೆ ಸಾರ್. ಮೊಬೈಲು ತೋರ್ಸಿದ್ರೆ, ನೀನೇ ಕಟ್ಟಿ ಹೇಳೂದು ಅಂತಾಳೆ. ಮೂರು ದಿನದಿಂದ ಗುಂಡಿ ಹಚ್ತಾ ಇಲ್ಲ. ಗಿರಾಕಿಗಳು ಅಂಗಿ ಎದೆ ಬಿಟ್ಕಂಡು ಹೋಗ್ತಿದಾರೆ."

ಶರಣ ಹದಿನಾರು ಪುಟ ಪ್ರಿಂಟು ತೆಗೆದು ಚೀಲಕ್ಕೆ ತುರುಕಿ ಬೈಕು ಹೊರಗೆ ತೆಗೆದ. ಗೇಟಿನಲ್ಲಿ ಸಂಗಯ್ಯ ಛತ್ರಿ ಹಿಡಿದು ನಿಂತಿದ್ದರು. ಡಿಸೆಂಬರಿನಲ್ಲೂ ಅವರ ಛತ್ರಿಗೆ ರಜೆ ಇರಲಿಲ್ಲ.

"ಸಿದ್ದಾಪುರಕ್ಕೇನ್ರಿ? ನನಗೂ ಅಲ್ಲಿ ತಾಲೂಕು ಕಚೇರಿಯಾಗ ಸ್ವಲ್ಪ ಕೆಲಸ ಐತಿ" ಎನ್ನುತ್ತ ಹಿಂದೆ ಏರಿಯೇಬಿಟ್ಟರು. ಸಂಗಯ್ಯನವರಿಗೆ ಯಾರು ಎಲ್ಲಿಗೆ ಹೊರಟರೂ ಅಲ್ಲಿ ಸ್ವಲ್ಪ ಕೆಲಸ ಇರುತ್ತಿತ್ತು.

ಗಣಪನ ಅಂಗಡಿ ಸಿದ್ದಾಪುರದ ಬಸ್‌ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿತ್ತು. ಹೊಲಿಗೆ ಮಷಿನ್ನಿನ ಪಕ್ಕ ಚಾಪೆಯ ಮೇಲೆ ಅವನ ತಾಯಿ ದ್ಯಾವಮ್ಮ, ಎಪ್ಪತ್ತೈದರ ಗಟ್ಟಿ ಮುದುಕಿ, ಕಾಲು ಚಾಚಿ ಕೂತಿದ್ದಳು. ಶರಣನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವ್ನೇ ಏನಾ? ವೆಂಕಮ್ಮನ್ನ ಅಷ್ಟು ಕಷ್ಟಕ್ಕೆ ಹಾಕ್ದವ?" ಎಂದಳು.

ಗಣಪ ವಿಷಯ ಬಿಡಿಸಿ ಹೇಳಿದ. ಪುಸ್ತಕ ಅವನದಲ್ಲ; ಯಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಅವನ ಅಕ್ಕನ ಮಗಳು ಚೇತನಾ ಕೊಟ್ಟದ್ದು. ಕಾದಂಬರಿ ಅಲ್ಲಿಗೇ ಮುಗಿಯುತ್ತದೆ, ಅದೇ ಅದರ ಸೊಗಸು ಎಂದು ಚೇತನಾ. ಚಿಲಕಕ್ಕೆ ಕೈ ಹಾಕಿಸಿ ಯಾವ ಮನುಷ್ಯನೂ ಎದ್ದು ಹೋಗುವುದಿಲ್ಲ, ಹಾಳೆ ಕಳೆದಿದೆ ಎಂದು ದ್ಯಾವಮ್ಮ. ಅಜ್ಜಿ ಮೊಮ್ಮಗಳಿಗೆ ಮೂರು ದಿನದಿಂದ ಮಾತು ನಿಂತಿದೆ.

"ನೀವೇ ಸರಿ ಅಮ್ಮ. ಹಾಳೆ ತಪ್ಪಿಹೋಗ್ಯಾವ" ಎಂದು ಶರಣ ಪ್ರಿಂಟು ಹೊರಗೆ ತೆಗೆದ. ದ್ಯಾವಮ್ಮನ ಮುಖ ಅರಳಿತು. ಗಣಪ ಮಷಿನ್ನು ನಿಲ್ಲಿಸಿದ. ಬ್ಲೌಸಿನ ಅಳತೆ ಕೊಡಲು ಬಂದ ಇಬ್ಬರು ಹೆಂಗಸರೂ ಕೂತರು. ಶರಣ ಎದ್ದು ನಿಂತು, ಗಂಟಲು ಸರಿ ಮಾಡಿಕೊಂಡು ಓದತೊಡಗಿದ.

ವೆಂಕಮ್ಮ ಬಾಗಿಲು ತೆಗೆದಳು. ಗಂಡ ಅತ್ತ. ವೆಂಕಮ್ಮನೂ ಅತ್ತಳು. ಒಳಗೆ ಕರೆದು ಚಹಾ ಕೊಟ್ಟಳು. ಗಂಡ ಬದುಕಿನ ಬಗ್ಗೆ ನಾಲ್ಕು ಪುಟ ಮಾತಾಡಿದ. ಆಮೇಲೆ ಸೂರ್ಯ ಹುಟ್ಟಿದ. ಅದು ಮೂರು ಪುಟ.

ಓದು ಮುಗಿಯುವ ಹೊತ್ತಿಗೆ ಅಳತೆಯ ಹೆಂಗಸರು ಹೋಗಿಯಾಗಿತ್ತು. ಸಂಗಯ್ಯ ಗೋಡೆಗೆ ತಲೆ ಆನಿಸಿ ಗೊರಕೆ ಹೊಡೆಯುತ್ತಿದ್ದರು. ದ್ಯಾವಮ್ಮ ಸೂಜಿ ಹಿಡಿದ ಕೈಯನ್ನು ಶರಣನ ಕಡೆ ಚಾಚಿದಳು.

"ಚಾ ಕೊಟ್ಲಾ? ಇಪ್ಪತ್ತು ವರ್ಷ ಒಬ್ಳೇ ಒಲೆ ಮುಂದೆ ಬೆಂದವ್ಳು, ಆ ಮುಖಕ್ಕೆ ಚಾ ಕೊಟ್ಲಾ? ನಾ ಆಗಿದ್ರೆ ಚಿಲಕ ಇನ್ನೂ ಬಿಗಿ ಮಾಡಿ, ಒಳಗೆ ಹೋಗಿ ಹಿಟ್ಟು ರುಬ್ತಿದ್ದೆ. ಮೂರು ದಿನ ಅವ್ಳು ಎಂತ ಮಾಡಿರ್ತಾಳೆ, ಎಂತ ಮಾಡಿರ್ತಾಳೆ ಅಂತ ನಿದ್ದೆಗೆಟ್ಟೆನಲ್ಲ, ಈ ಚಾ ಕುಡಿಯೂಕಾ?"

"ಅವ್ವ, ಬರ್ದವ್ರು ಅವ್ರು..." ಎಂದ ಗಣಪ.

"ಬರ್ದವ್ನಿಗೆ ಎಂತ ಗೊತ್ತು? ತಮ್ಮಾ, ಇದನ್ನ ಚೇತನಾಗೆ ತೋರ್ಸಬೇಡ. ಅವಳೇ ಗೆದ್ಲು ಅಂತ ಹೇಳು. ಅಲ್ಲಿಗೇ ಮುಗ್ಸಿದ್ದೆ ಅಂತ ಹೇಳು. ನಾ ಸೋತ್ರೂ ಅಡ್ಡಿಲ್ಲೆ, ವೆಂಕಮ್ಮ ಸೋಲೂದು ಬೇಡ." ದ್ಯಾವಮ್ಮ ಅಷ್ಟು ಹೇಳಿ, ಪುಸ್ತಕವನ್ನು ಸೆರಗಿನಿಂದ ಒರೆಸಿ ಶರಣನ ಕೈಗಿತ್ತಳು. "ಅವಳದ್ದು ಅವಳಿಗೆ ಕೊಡು. ನಿನ್ನ ನೋಡ್ಬೇಕು ಅಂತಿದ್ಲು."

ಶರಣ ಹೊರಗೆ ಬಂದು ಪ್ರಿಂಟನ್ನೂ ಪುಸ್ತಕವನ್ನೂ ಚೀಲಕ್ಕೆ ತುರುಕಿದ. ಗಂಟೆ ಹನ್ನೆರಡು. ಐದು ಗಂಟೆಯೊಳಗೆ ಯಾರಾದರೂ ಒಂದು ಒಳ್ಳೆಯ ಮಾತು ಹೇಳದಿದ್ದರೆ ಅವನು ಮತ್ತೆ ಲಾಗಿನ್ ಪುಟಕ್ಕೆ ಹೋಗುವುದೇ ಸೈ.

"ಯಲ್ಲಾಪುರಕ್ಕ ಹೋಗೂಣ್ರಿ" ಎಂದರು ಸಂಗಯ್ಯ ಕಣ್ಣುಜ್ಜಿಕೊಳ್ಳುತ್ತ.

"ತಾಲೂಕು ಕಚೇರಿ ಕೆಲಸ?"

"ಯಲ್ಲಾಪುರದಾಗೂ ತಾಲೂಕು ಕಚೇರಿ ಐತೆಲ್ರಿ."

ಶಿರಸಿ ದಾಟಿ ಯಲ್ಲಾಪುರದ ದಾರಿ ಹಿಡಿಯುವಷ್ಟರಲ್ಲಿ ಬೈಕು ಒಂದು ಸಲ ಪಂಕ್ಚರ್ ಆಯಿತು. ಸಂಗಯ್ಯ ಪಂಕ್ಚರ್ ಹಾಕುವವನಿಗೆ, "ಇವರ ಪುಸ್ತಕದ ಕೊನೆ ಕಳದೈತಿ, ಹುಡುಕ್ಲಿಕ್ಕೆ ಹೊಂಟೀವಿ" ಎಂದು ಹೇಳಿದರು. ಅವನು ಪಾಪ ಎಂದು ರಸ್ತೆಯ ಎರಡೂ ಬದಿ ನೋಡಿದ.

ಚೇತನಾಳ ಮನೆ ಮುಟ್ಟಿದಾಗ ಮೂರೂಮುಕ್ಕಾಲು. ಮೂವತ್ತರ ಚುರುಕು ಹುಡುಗಿ; ಕಾಲೇಜಿನಿಂದ ಆಗಷ್ಟೇ ಬಂದಿದ್ದಳು. ಶರಣ ಯಾರೆಂದು ತಿಳಿದದ್ದೇ ತಡ, ಇಬ್ಬರನ್ನೂ ಕೂರಿಸಿ, ಚಕ್ಕುಲಿಯ ತಟ್ಟೆ ಮುಂದಿಟ್ಟು ಶುರುಮಾಡಿದಳು.

"ಸಾರ್, ಅಲ್ಲಿ ನಿಲ್ಲಿಸೋದಕ್ಕೆ ಎಷ್ಟು ಧೈರ್ಯ ಬೇಕು! ಬೇರೆ ಯಾರಾದ್ರೂ ಆಗಿದ್ರೆ ಗಂಡನ್ನ ಒಳಗೆ ಕರ್ದು, ಇಬ್ರನ್ನೂ ಅಳಿಸಿ, ಚಾ ಕುಡ್ಸಿ, ಒಂದು ಭಾಷಣ ಮಾಡ್ಸಿ, ಕಡೆಗೆ ಸೂರ್ಯೋದಯ ಮಾಡಿಬಿಡ್ತಿದ್ರು!"

ತೊಡೆಯ ಮೇಲಿದ್ದ ಚೀಲ ಶರಣನಿಗೆ ಅಕ್ಕಿಮೂಟೆಯಷ್ಟು ಭಾರವಾಯಿತು. ಸಂಗಯ್ಯ, "ಅಲ್ರಿ ಮೇಡಂ, ಖರೇ ಹೇಳಬೇಕಂದ್ರ..." ಎಂದು ಬಾಯಿ ತೆರೆದರು. ಶರಣ ತಟ್ಟೆಯಲ್ಲಿದ್ದ ಚಕ್ಕುಲಿಯನ್ನು ಆ ತೆರೆದ ಬಾಯಿಗೇ ಇಟ್ಟ.

"ನೀವೇ ಹೇಳಿ ಸಾರ್. ಅಲ್ಲಿಗೇ ಮುಗಿಸಿದ್ದು ತಾನೇ? ನಮ್ಮ ಅಜ್ಜಿ ಹಾಳೆ ಕಳೆದಿದೆ ಅಂತಾಳೆ."

"ಅಲ್ಲಿಗೇ ಮುಗಿಸಿದ್ದು" ಎಂದ ಶರಣ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ವರ್ಷದಿಂದ ಹಸಿದ ಕಿವಿಗೆ ಇನ್ನಷ್ಟು ಬೇಕೆನಿಸಿತು. "ಬಹಳ ವಿಚಾರ ಮಾಡಿ ನಿಲ್ಲಿಸಿದೆ. ಮುಂದೆ ಬರೀಲಿಕ್ಕೆ ಕೈ ತುಡೀತಿತ್ತು. ತಡಕೊಂಡೆ" ಎಂದು ಅರ್ಧ ತಾಸು, ಬರೆಯದೆ ಬಿಡುವುದರ ಕಷ್ಟದ ಬಗ್ಗೆ ಹೇಳಿದ. ಚೇತನಾ ಕೆಲವು ಮಾತು ಬರೆದುಕೊಂಡಳು. ಸಂಗಯ್ಯ ಚಕ್ಕುಲಿ ಅಗಿಯುವುದನ್ನೂ ಮರೆತು ಅವನನ್ನೇ ನೋಡುತ್ತಿದ್ದರು.

ಹೊರಗೆ ಬಂದಾಗ ಐದಕ್ಕೆ ಹತ್ತು ನಿಮಿಷ ಇತ್ತು. ಶರಣನ ಕಾಲು ನೆಲದ ಮೇಲೆ ಇರಲಿಲ್ಲ. ರಸ್ತೆ ಬದಿಯಲ್ಲೇ ಕಿರಣನಿಗೆ ಫೋನು ಮಾಡಿದ.

"ನಾನು ಬರೂದಿಲ್ಲ."

"ಖಾತ್ರಿನಾ? ಕೆಳಗೆ ಇನ್ನೊಬ್ಬ ಕೂತಿದ್ದಾನೆ, ಈಗಲೇ ಅವನಿಗೆ ಹೇಳಿಬಿಡ್ತೀನಿ."

"ಹೇಳಿಬಿಡ್ರಿ. ಓದುವವರು ಅದಾರ ನನಗ."

ಸಂಗಯ್ಯ ಛತ್ರಿ ಊರಿ ನಿಂತು ಎಲ್ಲವನ್ನೂ ಕೇಳಿದರು. "ಅಂದ್ರ, ಕಂಪನಿಯವರು ನಿಮ್ಮನ್ನ ಹೊರಗ ಹಾಕಿರಲಿಲ್ಲೇನ್ರಿ?" ಎಂದರು ಮೆಲ್ಲಗೆ. ವರ್ಷದಿಂದ ಓಣಿಗೆಲ್ಲ ಹಂಚಿದ ಸುದ್ದಿ ಸುಳ್ಳಾದ ಬೇಸರ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಶಿರಸಿಗೆ ವಾಪಸಾಗುವ ದಾರಿಯುದ್ದಕ್ಕೂ ಶರಣ ಬೈಂಡರನನ್ನು ಬೈಯುವ ಮಾತು ಜೋಡಿಸಿದ. ಮೊದಲ ಹತ್ತು ಮೈಲಿ ಬೈಗುಳ ಖಾರವಾಗಿತ್ತು. ಆಮೇಲೆ ಚೇತನಾಳ ಮಾತು ನೆನಪಾಗಿ ಮೆತ್ತಗಾಯಿತು. ಊರು ಮುಟ್ಟುವಷ್ಟರಲ್ಲಿ, ಪಾಪ, ಬಡ ಕೆಲಸಗಾರ, ಕೈತಪ್ಪಿನಿಂದ ಆದದ್ದನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಬೇಕು ಎಂಬಲ್ಲಿಗೆ ಬಂದು ನಿಂತಿದ್ದ.

ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಕೆರಿಯಪ್ಪ, ಅರವತ್ತು ದಾಟಿದ ಸಣಕಲ, ಕನ್ನಡಕವನ್ನು ಹಣೆಗೇರಿಸಿ ಶಾಲೆಯ ಹಾಜರಿ ಪುಸ್ತಕಗಳಿಗೆ ಗೋಂದು ಹಚ್ಚುತ್ತಿದ್ದ.

"ನೋಡ್ರಿ ಕೆರಿಯಪ್ಪ" ಎಂದ ಶರಣ, ಕ್ಷಮೆಯ ಧ್ವನಿಯಲ್ಲಿ. "ತಪ್ಪು ಎಲ್ಲಾರ ಕಡೆಯಿಂದ್ಲೂ ಆಗ್ತೈತಿ. ನನ್ನ ಕಾದಂಬರಿದು ಕೊನೇ ಫಾರಂ ಬಿಟ್ಟುಹೋಗೈತಿ. ಇರಲಿ, ನಾನೇನೂ ಮನಸಿಗೆ..."

"ಬಿಟ್ಟುಹೋಗಿದ್ದಲ್ಲ ಸಾರ್" ಎಂದ ಕೆರಿಯಪ್ಪ ತಲೆಯೆತ್ತದೆ. "ತೆಗ್ದದ್ದು."

"ಏನು?"

"ನಾನೇ ತೆಗ್ದೆ. ನಲವತ್ತು ವರ್ಷದಿಂದ ಪುಸ್ತಕ ಹೊಲೀತಿದ್ದೆ, ಓದದೆ ಹೊಲಿಯೂದಿಲ್ಲ. ನಿಮ್ದು ಹದಿಮೂರನೇ ಫಾರಂ ಮುಗೀವಾಗ ಕಣ್ಣು ಹಾಳೆ ಬಿಟ್ಟು ಬರ್ತಿರ್ಲಿಲ್ಲ ಸಾರ್, ದಾರ ಸೂಜಿಗೆ ಹೋಗ್ತಿರ್ಲಿಲ್ಲ. ಹದಿನಾಲ್ಕನೇದು ಓದ್ದೆ. ನಿದ್ದೆ ಬಂತು."

ಹಿಂದೆ ಸಂಗಯ್ಯನವರ ಛತ್ರಿ ನೆಲಕ್ಕೆ ಬಿತ್ತು. ಅವರು ಹೊಟ್ಟೆ ಹಿಡಿದು ನಗುತ್ತ ಕಾಗದದ ರಾಶಿಯ ಮೇಲೆ ಕೂತುಬಿಟ್ಟಿದ್ದರು.

"ನಿಮಗ ಅಧಿಕಾರ ಯಾರು ಕೊಟ್ರು?" ಶರಣನ ದೊಡ್ಡ ಮನಸ್ಸು ಎಲ್ಲಿ ಹೋಯಿತೋ!

"ಯಾರೂ ಇಲ್ಲ ಸಾರ್. ನೀವು ಬಂದು ಬೈದ್ರೆ ಮತ್ತೆ ಬಿಚ್ಚಿ ಹೊಲ್ದು ಕೊಡೂದು ಅಂತ ತೆಗದಿಟ್ಟಿದ್ದೆ. ಒಂದು ತಿಂಗ್ಳು ಕಾದೆ, ಎರಡು ತಿಂಗ್ಳು ಕಾದೆ. ನೀವು ಬರ್ಲೇ ಇಲ್ಲ. ನಿಮಗೂ ಹಾಗೇ ಅನಿಸ್ತು ಅಂತ ತಿಳ್ಕಂಡೆ." ಕೆರಿಯಪ್ಪ ಗೋಂದಿನ ಬೆರಳಿನಿಂದ ತೋರಿಸಿದ. ಮೂಲೆಯಲ್ಲಿ ಹುರಿಹಗ್ಗ ಬಿಗಿದ ಮುನ್ನೂರು ಸೂರ್ಯೋದಯಗಳಿದ್ದವು. ಸಂಗಯ್ಯ ಕೂತು ನಗುತ್ತಿದ್ದದ್ದು ಅದರ ಮೇಲೆಯೇ.

ಅಷ್ಟರಲ್ಲಿ ಶರಣನ ಫೋನು ಹೊಡೆದುಕೊಂಡಿತು. ಚೇತನಾ.

"ಸಾರ್, ನಾಡಿದ್ದು ಭಾನುವಾರ ನಮ್ಮ ಓದುಗರ ಬಳಗದಲ್ಲಿ ನಿಮ್ಮದೇ ಕಾರ್ಯಕ್ರಮ! ನಲವತ್ತು ಜನ ಬರ್ತಾರೆ. ಎಲ್ರೂ ಪುಸ್ತಕ ಕೊಳ್ತಾರೆ. ಆ ಬಾಗ್ಲಲ್ಲೇ ಯಾಕೆ ನಿಲ್ಲಿಸಿದ್ರಿ ಅನ್ನೋದನ್ನ ಬರ್ಕೊಂಡು ಬನ್ನಿ, ಆಮೇಲೆ ಪತ್ರಿಕೆಗೂ ಕಳಿಸೋಣ. ಬರ್ತೀರಲ್ವಾ?"

ಶರಣ ಬರುವುದಾಗಿ ಹೇಳಿದ. ನಿನ್ನೆಯಾಗಿದ್ದರೆ ಕುಣಿದುಬಿಡುತ್ತಿದ್ದ. ಈಗ ಫೋನನ್ನು ಜೇಬಿಗೆ ಹಾಕಿ, ಗೋಂದಿನ ಡಬ್ಬಿಯನ್ನು ಕೆರಿಯಪ್ಪನ ಕೈಗೆ ಸಿಗುವಂತೆ ಸರಿಸಿಟ್ಟ.

"ಕೆರಿಯಪ್ಪನೋರೆ, ಭಾನುವಾರ ಯಲ್ಲಾಪುರಕ್ಕ ಬರ್ತೀರೇನ್ರಿ?"

"ಭಾನುವಾರ ಮೊಮ್ಮಗಳ ತೊಟ್ಲು ಹಾಕೂದಿದೆ ಸಾರ್. ಬೇಕಾದ್ರೆ ಈಗ ನಾ ಹೇಳ್ತೆ, ನೀವು ಬರ್ಕಳಿ."

ಶರಣ ಸಂಗಯ್ಯನವರನ್ನು ಸರಿಸಿ ಹದಿನಾಲ್ಕನೇ ಫಾರಂಗಳ ಕಟ್ಟಿನ ಮೇಲೆ ಕೂತ. ಚೀಲದಿಂದ ಅದೇ ಪ್ರಿಂಟು ತೆಗೆದು, ಹಾಳೆಯ ಬೆನ್ನಿಗೆ ಬರೆಯತೊಡಗಿದ. ಕೆರಿಯಪ್ಪ ಗೋಂದು ಹಚ್ಚುತ್ತ, ಒಂದೊಂದು ರಟ್ಟಿಗೆ ಒಂದೊಂದು ವಾಕ್ಯದಂತೆ ಹೇಳುತ್ತ ಹೋದ. ಒಂಬತ್ತು ರಟ್ಟು ಮುಗಿಯುವ ಹೊತ್ತಿಗೆ ಒಂದು ಪುಟ ತುಂಬಿತ್ತು. ಹೇಳಿದ್ದು ತೀರಾ ಸಾದಾ ಆಯಿತೆನಿಸಿ, ಶರಣ ಬಾಗಿಲು ಮತ್ತು ಬದುಕಿನ ಬಗ್ಗೆ ತನ್ನದೇ ಎರಡು ಸಾಲು ಕೊನೆಗೆ ಸೇರಿಸಿದ.

"ಒಮ್ಮೆ ಓದಿ, ಕೇಳ್ವ" ಎಂದ ಕೆರಿಯಪ್ಪ.

ಶರಣ ಓದಿದ. ಕೆರಿಯಪ್ಪ ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಆಮೇಲೆ ಕೈ ಒರೆಸಿಕೊಂಡು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದು ಮುಂದೆ ಚಾಚಿದ.

"ಕಡೆಯ ಎರಡು ಸಾಲು ಹೊಡೆದು ಹಾಕಿ ಸಾರ್."