ರಸಬಾಳೆಯ ಒಂದು ಮಾರ್ಕು

ಮುಗಿದ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ನಾನು ಮುಟ್ಟುವುದಿಲ್ಲ. ಇದು ನನ್ನ ವ್ರತ. ಬೇರೆಯವರು ಶನಿವಾರ ಒಪ್ಪೊತ್ತು ಮಾಡುತ್ತಾರೆ, ಸೋಮವಾರ ನಂಜುಂಡೇಶ್ವರನ ಹೆಸರಿನಲ್ಲಿ ಉಪವಾಸ ಇರುತ್ತಾರೆ. ನನಗೆ ಹಸಿವು ತಡೆಯುವುದು ಆಗದ ಮಾತು, ಹಾಗಾಗಿ ನಾಲಿಗೆಯನ್ನು ಬಿಗಿಹಿಡಿಯುವ ಈ ವ್ರತವನ್ನು ಆರಿಸಿಕೊಂಡೆ. ರಸಾಯನಶಾಸ್ತ್ರದ ಉಪನ್ಯಾಸಕಿಯೇ ರಸಾಯನಶಾಸ್ತ್ರದ ಪೇಪರ್ ನೋಡುವುದಿಲ್ಲ ಎಂದರೆ ನಗುವವರಿದ್ದಾರೆ. ‘ಅಡುಗೆ ಮಾಡಿ ಬಡಿಸಿದ ಮೇಲೆ ಹೇಗಿದೆ ಅಂತ ಕೇಳದ ಹೆಂಗಸು ನೀನೊಬ್ಬಳೇ’ ಎಂದು ನನ್ನ ಯಜಮಾನರು ಹೇಳುತ್ತಾರೆ. ಆ ಮಾತಿನಲ್ಲಿ ಎರಡು ದೂರುಗಳಿವೆ. ಒಂದಕ್ಕೂ ನಾನು ಉತ್ತರ ಕೊಡುವುದಿಲ್ಲ.

ವ್ರತ ಹಿಡಿಯುವುದಕ್ಕೆ ಕಾರಣವಿದೆ. ನಾನು ಪಿಯುಸಿ ಬರೆದಾಗ ಪರೀಕ್ಷೆ ಮುಗಿಸಿ ಟಿ. ನರಸೀಪುರದ ಹುಣಸೆಮರದ ಕೆಳಗೆ ಹದಿನೆಂಟು ಹುಡುಗಿಯರು ಉತ್ತರ ತಾಳೆ ನೋಡಲು ಕೂತೆವು. ಆವರ್ತ ಕೋಷ್ಟಕದ ಒಂದು ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದಂತೆ ಪರಮಾಣುವಿನ ಗಾತ್ರ ಏನಾಗುತ್ತದೆ? ಹದಿನೇಳು ಜನ ಹೆಚ್ಚುತ್ತದೆ ಎಂದು ಬರೆದಿದ್ದರು, ನಾನೊಬ್ಬಳು ಕಡಿಮೆಯಾಗುತ್ತದೆ ಎಂದು ಬರೆದಿದ್ದೆ. ಅಳುತ್ತಾ ಮನೆಗೆ ಬಂದು ಮುಸುಕು ಹಾಕಿ ಮಲಗಿದೆ. ಅಮ್ಮ ಬಂದು, ‘ಪರೀಕ್ಷೆ ಕೆಡಿಸ್ಕೊಂಡೋಳು ನೀನು, ಮುದ್ದೆ ಏನ್ ತಪ್ಪು ಮಾಡ್ತು? ಎದ್ದು ಉಣ್ಣು’ ಎಂದಳು. ಎರಡು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಆಮೇಲೆ ನೋಡಿದರೆ ನನ್ನ ಉತ್ತರವೇ ಸರಿ, ಹದಿನೇಳೂ ತಪ್ಪು. ಆ ಎರಡು ದಿನದ ಮುದ್ದೆಯನ್ನು ಯಾರೂ ವಾಪಸ್ ಕೊಡಲಿಲ್ಲ. ಪರಮಾಣು ಬಹುಮತಕ್ಕೆ ಹೆದರಿ ದಪ್ಪಗಾಗುವುದಿಲ್ಲ ಎಂಬ ಪಾಠ ಅಂದು ಕಲಿತೆ. ಇನ್ನು ಮೇಲೆ ಬರೆದದ್ದು ಬರೆದಾಯಿತು, ಯಾರ ಉತ್ತರವನ್ನೂ ಕೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಶಪಥ ಮಾಡಿದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನೂರಾರು ಮಕ್ಕಳು ಬೆನ್ನು ಹತ್ತಿದರೂ ಅದನ್ನು ಉಳಿಸಿಕೊಂಡು ಬಂದವಳು ನಾನು. ಪೇಪರ್ ತಿದ್ದುವ ಕೇಂದ್ರಕ್ಕೆ ಹೋದಾಗ ಮಾತ್ರ ಬೇರೆ ಮಾತು. ಅಲ್ಲಿ ಸರ್ಕಾರವೇ ಉತ್ತರಗಳ ಸ್ಕೀಮ್ ಕೊಡುತ್ತದೆ. ಅದರಲ್ಲಿ ಇದ್ದದ್ದಕ್ಕೆ ಮಾರ್ಕು, ಇಲ್ಲದ್ದಕ್ಕೆ ಸೊನ್ನೆ. ತಿದ್ದುವುದರಲ್ಲಿ ನನ್ನಷ್ಟು ಕಟ್ಟುನಿಟ್ಟು ಯಾರೂ ಇಲ್ಲ ಎಂಬ ಹೆಸರು ಬೇರೆ ಇದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ವ್ರತ ಮುರಿದದ್ದು ಈ ಸಲ, ದ್ವಿತೀಯ ಪಿಯುಸಿಗೆ ವರ್ಷದಲ್ಲಿ ನಡೆಯುವ ಮೂರನೆಯ ಹಾಗೂ ಕೊನೆಯ ಪರೀಕ್ಷೆಯಲ್ಲಿ ರಸಾಯನಶಾಸ್ತ್ರ ಮುಗಿದ ಮಧ್ಯಾಹ್ನ. ನಾನು ಪಾಠ ಮಾಡುವುದು ನಂಜನಗೂಡಿನಲ್ಲಿ, ಮನೆ ಇರುವುದು ನರಸೀಪುರದಲ್ಲಿ. ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಸುತ್ತ ನಮ್ಮ ಮಕ್ಕಳು ಎಂಟತ್ತು ಜನ ಸೇರಿದ್ದರು. ನಡುವೆ ಹೆಡತಲೆಯ ಮಾದೇಶ. ಪಾಸಾಗಿದ್ದರೂ ಮಾರ್ಕು ಹೆಚ್ಚಿಸಿಕೊಳ್ಳಲು ಮತ್ತೆ ಬರೆದವನು. ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಎಲ್ಲರ ಮಾರ್ಕನ್ನೂ ಬರೆದು ಫಲಿತಾಂಶ ಹೇಳುವುದು ಅವನ ಹವ್ಯಾಸ. ಅದಕ್ಕೆ ಮಕ್ಕಳು ಅವನಿಗೆ ‘ಬೋರ್ಡು’ ಎಂದೇ ಹೆಸರಿಟ್ಟಿದ್ದಾರೆ. ಉತ್ತರ ಸರಿಯೋ ತಪ್ಪೋ ಎಂದು ಅನುಮಾನ ಬಂದರೆ ಬೋರ್ಡು ಪುಸ್ತಕ ತೆಗೆಯುವುದಿಲ್ಲ, ಕೈ ಎತ್ತಿಸುತ್ತಾನೆ. ಹೆಚ್ಚು ಕೈ ಯಾವ ಕಡೆಗೋ ಆ ಉತ್ತರ ಸರಿ. ಹುಣಸೆಮರದ ಕೆಳಗಿನ ಹದಿನೇಳು ಕೈಗಳು ನೆನಪಾಗಿ ನನ್ನ ಮೈ ಉರಿಯಿತು. ಆದರೂ ತಲೆ ಬೇರೆ ಕಡೆ ತಿರುಗಿಸಿ ನಿಂತೆ.

‘ಮೇಡಂ, ಈ ಸಿಂಧು ಒಂದ್ ಮಾರ್ಕಲ್ಲಿ ಓಯ್ತಾಳೆ ಮೇಡಂ’ ಎಂದು ಅವನೇ ಕೂಗಿದ.

ಸಿಂಧು ಚಿಕ್ಕಯ್ಯನಛತ್ರದ ಹುಡುಗಿ. ನರ್ಸಿಂಗ್ ಸೇರಬೇಕೆಂದು ಹಟ ಹಿಡಿದವಳು. ಉಳಿದ ಎಲ್ಲ ವಿಷಯ ಪಾಸಾಗಿ ರಸಾಯನಶಾಸ್ತ್ರವೊಂದೇ ಎರಡು ಸಲ ಕೈಕೊಟ್ಟಿತ್ತು. ಅವರಮ್ಮ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಾರೆ. ‘ನನ್ ಪಕ್ಕದ್ ಮಿಷನ್ ಕಾಲಿ ಅದೆ, ಈ ಸಲಾನೂ ಆಗ್ನಿಲ್ಲ ಅಂದ್ರೆ ಬಂದ್ ಕೂತ್ಕೊ’ ಎಂದು ಹೇಳಿಬಿಟ್ಟಿದ್ದರು. ಆ ತಾಯಿ ಕೆಟ್ಟವರಲ್ಲ, ದಣಿದವರು. ಹುಡುಗಿ ಈಗ ಕಲ್ಲುಬೆಂಚಿನ ತುದಿಯಲ್ಲಿ ಹಾಲ್ ಟಿಕೆಟ್ಟನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದಳು.

‘ಎಸ್ಟರ್ ವಾಸ್ನೆ ಎಂಗಿರ್ತದೆ ಅಂತ ಕೇಳವ್ರೆ’ ಎಂದು ಮಾದೇಶ ವಿವರಿಸಿದ. ‘ನಾವೆಲ್ಲ ಫ್ರೂಟಿ ಸ್ಮೆಲ್ ಅಂತ ಬರ್ದಿದ್ದೀವಿ. ಇವ್ಳು ಸ್ಮೆಲ್ ಆಫ್ ನಂಜನಗೂಡ್ ರಸಬಾಳೆ ಅಂತ ಬರ್ದವ್ಳೆ. ಯಾರಾರ ಅಂಗ್ ಬರೀತಾರ ಮೇಡಂ? ಕೈ ಎತ್ತಿಸ್ದೆ, ಒಂದ್ ಕೈನೂ ಏಳ್ನಿಲ್ಲ.’

ಸಿಂಧು ತಲೆಯೆತ್ತಿ ನನ್ನನ್ನು ನೋಡಿದಳು. ‘ಲ್ಯಾಬಲ್ಲಿ ನೀವೇ ಅಲ್ವ ಮೇಡಂ ಏಳಿದ್ದು’ ಎಂದಳು.

ಹೇಳಿದ್ದೆ. ಪ್ರತಿ ವರ್ಷವೂ ಹೇಳುತ್ತೇನೆ. ಆಲ್ಕೊಹಾಲಿಗೆ ಆಮ್ಲ ಹಾಕಿ ಬಿಸಿ ಮಾಡಿ ಎಸ್ಟರ್ ತಯಾರಿಸುವಾಗ ಮಕ್ಕಳು ಪ್ರನಾಳದ ಬಾಯಿಗೆ ಮೂಗಿಟ್ಟು ಏನೂ ಗೊತ್ತಾಗಲಿಲ್ಲ ಎನ್ನುತ್ತಾರೆ. ಆಗ ನಾನು, ‘ಕಳಿತ ರಸಬಾಳೆ ಮನೆಯೊಳಗಿದ್ದರೆ ಬಾಗಿಲಲ್ಲೇ ಗೊತ್ತಾಗುತ್ತಲ್ಲ, ಆ ವಾಸನೆ ನೆನೆಸಿಕೊಳ್ಳಿ’ ಎಂದು ದೊಡ್ಡದಾಗಿ ಉಪದೇಶ ಮಾಡುತ್ತೇನೆ. ಬಾಳೆಹಣ್ಣಿನ ವಾಸನೆ ಎಸ್ಟರಿನದೇ, ಅದರಲ್ಲಿ ಸುಳ್ಳೇನಿಲ್ಲ. ಪರೀಕ್ಷೆಯಲ್ಲಿ ಹಾಗೇ ಬರೆಯಬೇಡಿ ಎಂಬ ಒಂದು ಸಾಲನ್ನು ಮಾತ್ರ ಇಪ್ಪತ್ತೆರಡು ವರ್ಷವೂ ಹೇಳಿರಲಿಲ್ಲ. ಹೇಳಿದ್ದನ್ನು ಹೇಳಿದಂತೆ ನಂಬಿದ ಒಬ್ಬಳೇ ವಿದ್ಯಾರ್ಥಿನಿ ಈಗ ಹೊಲಿಗೆ ಮಿಷನ್ನಿನ ಮುಂದೆ ಕೂರಬೇಕೆ? ನನಗೆ ಭಯವಾಯಿತು. ಭಯವಾದಾಗ ನಾನು ಜಗಳಕ್ಕೆ ನಿಲ್ಲುತ್ತೇನೆ, ಅದು ನನ್ನ ಸ್ವಭಾವ.

ಮಾದೇಶನ ಕೈಯಿಂದ ಪ್ರಶ್ನೆಪತ್ರಿಕೆಯನ್ನೂ ಪೆನ್ಸಿಲ್ಲನ್ನೂ ಕಿತ್ತುಕೊಂಡು ಬೆಂಚಿನ ಮೇಲೆ ಕೂತೇಬಿಟ್ಟೆ. ಒಂದೊಂದೇ ಪ್ರಶ್ನೆಗೆ ಸಿಂಧುವಿನ ಉತ್ತರ ಕೇಳಿದೆ. ಕೈ ಎತ್ತಿಸಿ ತಪ್ಪೆಂದು ತೀರ್ಮಾನಿಸಿದ್ದ ಒಂದು ದೊಡ್ಡ ಪ್ರಶ್ನೆಯಲ್ಲಿ ಅವಳು ಬರೆದದ್ದು ಮುಕ್ಕಾಲು ಪಾಲು ಸರಿಯಿತ್ತು. ಬೋರ್ಡಿನ ತೀರ್ಪನ್ನು ಅಳಿಸಿ ನನ್ನದನ್ನು ಬರೆದೆ. ನರಸೀಪುರದ ಬಸ್ ಬಂದು ಹೋಯಿತು. ಇನ್ನೊಂದೂ ಬಂದು ಹೋಯಿತು. ಕೊನೆಗೆ ಎದ್ದು ನಿಂತು, ‘ರಸಬಾಳೆ ಹಣ್ಣೋ ಅಲ್ಲವೋ? ಹಣ್ಣಿನ ವಾಸನೆ ಅಂದರೆ ಹಣ್ಣಿನ ವಾಸನೆ. ಸಿಂಧು ಪಾಸು. ಆಗದಿದ್ದರೆ ನಾನು ಕೆಲಸ ಬಿಟ್ಟು ಇದೇ ಬಸ್ ಸ್ಟ್ಯಾಂಡಿನಲ್ಲಿ ರಸಬಾಳೆ ಮಾರುತ್ತೇನೆ’ ಎಂದೆ.

‘ಈಗೆಲ್ಲಿ ಸಿಕ್ತದೆ ರಸಬಾಳೆ ಮೇಡಂ’ ಎಂದ ಮಾದೇಶ ವಿನಯದಿಂದ. ‘ಪಚ್ಚಬಾಳೆ ಮಾರ್ಬೇಕಾಯ್ತದೆ.’

ಫಲಿತಾಂಶ ಬರುವವರೆಗಿನ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನೆನಪಾಗುತ್ತಿರಲಿಲ್ಲ, ಸಿಂಧುವಿನ ಮಾರ್ಕು ಮಾತ್ರ ಬಾಯಿಪಾಠವಾಗಿತ್ತು. ‘ವ್ರತ ಏನಾಯಿತು?’ ಎಂದು ಯಜಮಾನರು ಕೇಳಿದರು. ಉದ್ಯಾಪನೆ ಆಯಿತು ಎಂದೆ. ಕೊನೆಗೆ ಒಂದು ಮಧ್ಯಾಹ್ನ ಸಿಂಧುವಿನ ಫೋನು ಬಂತು. ‘ಮೇಡಂ, ಆಯ್ತು’ ಎಂದಳು. ಹಿಂದೆ ಮಿಷನ್ನುಗಳ ಗಿರಗಿರ ಕೇಳುತ್ತಿತ್ತು. ಅಮ್ಮನಿಗೆ ಹೇಳಲು ಗಾರ್ಮೆಂಟ್ಸಿನ ಗೇಟಿಗೇ ಓಡಿದ್ದಳು. ಪಾಸಿಗೆ ಬೇಕಾದ್ದಕ್ಕಿಂತ ನಾಲ್ಕು ಮಾರ್ಕು ಹೆಚ್ಚೇ ಬಂದಿತ್ತು. ಬೋರ್ಡು ತನಗೆ ತಾನೇ ಹಾಕಿಕೊಂಡಿದ್ದಕ್ಕಿಂತ ಎಂಟು ಮಾರ್ಕು ಕಡಿಮೆ ಬಂದಿತ್ತು ಎಂಬುದನ್ನು ನಾನು ಸಂತೋಷದಿಂದ ಹೇಳುತ್ತಿಲ್ಲ, ಸುಮ್ಮನೆ ಹೇಳುತ್ತಿದ್ದೇನೆ.

ಬುದ್ಧಿ ಇದ್ದವರು ಅಲ್ಲಿಗೆ ಬಿಡುತ್ತಿದ್ದರು. ನಾನು ಸಿಂಧುವಿನ ಕೈಯಲ್ಲಿ ಉತ್ತರಪತ್ರಿಕೆಯ ಪ್ರತಿಗೆ ಅರ್ಜಿ ಹಾಕಿಸಿದೆ. ರಸಬಾಳೆಗೆ ಮಾರ್ಕು ಬಂದದ್ದನ್ನು ಕಣ್ಣಾರೆ ನೋಡಬೇಕಿತ್ತು, ಮಾದೇಶನಿಗೂ ತೋರಿಸಬೇಕಿತ್ತು. ಪ್ರತಿ ಬಂದ ದಿನ ಸಿಂಧು ಅದನ್ನು ಕಾಲೇಜಿಗೆ ತಂದು ನನ್ನ ಕೈಗೆ ಕೊಟ್ಟಳು. ದೊಡ್ಡ ಪ್ರಶ್ನೆಗೆ ಮಾರ್ಕು ಧಾರಾಳವಾಗಿ ಬಿದ್ದಿತ್ತು. ರಸಬಾಳೆಯ ಎದುರಿಗೆ ಗುಂಡನೆಯ ಸೊನ್ನೆ, ಅದರ ಪಕ್ಕ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆ. ತಿದ್ದಿದವರು ಯಾವ ಊರಿನ ಪುಣ್ಯಾತ್ಮರೋ, ಅದನ್ನು ಯಾವುದೋ ಕೆಮಿಕಲ್ಲಿನ ಹೆಸರು ಎಂದುಕೊಂಡಿರಬೇಕು. ನನಗೆ ಸಿಟ್ಟು ನೆತ್ತಿಗೇರಿತು. ಕೂಡಲೇ ಮರುಮೌಲ್ಯಮಾಪನಕ್ಕೆ ಅರ್ಜಿ ಬರೆಯಲು ಕೂತೆ. ಎಲ್ಲಿಂದಲೋ ಸಂಪಾದಿಸಿ ತಂದಿದ್ದ ನಾಲ್ಕು ರಸಬಾಳೆಹಣ್ಣನ್ನು ಸಿಂಧು ತನ್ನ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು.

‘ಬುಡಿ ಮೇಡಂ, ಮುಗ್ದೋದ್ ಪರೀಕ್ಷೆ ಮಾತ್ಯಾಕೆ ಅಂತ ನೀವೇ ಏಳ್ತಿದ್ರಲ್ಲ’ ಎಂದಳು. ‘ನಂಗ್ ನರ್ಸಿಂಗ್ ಸೀಟ್ ಸಿಕ್ತು, ಅಷ್ಟ್ ಸಾಕು. ಅಣ್ ತಿನ್ನಿ.’

‘ನಿನಗೆ ಸಾಕು, ನನಗೆ ಸಾಲದು’ ಎಂದೆ. ತಾನು ಮೂಸದ ಹಣ್ಣೆಲ್ಲ ಹಣ್ಣೇ ಅಲ್ಲ ಎಂದು ತಿಳಿದವರ ಕೈಗೆ ಕೆಂಪು ಪೆನ್ನು ಕೊಡಬಾರದು ಎಂದು ಅರ್ಜಿಯಲ್ಲಿ ಬರೆದೆ. ಓದಿ ನೋಡಿದೆ, ವಾಕ್ಯ ಬಹಳ ಚೆನ್ನಾಗಿತ್ತು. ಮೆಚ್ಚಿಕೊಂಡು ಹಣ್ಣು ಸುಲಿದೆ. ವಾಸನೆ ಕೋಣೆಯೆಲ್ಲ ಹರಡಿತು. ಆಗಲೇ ನೆನಪಾಯಿತು. ಕೆಲವು ವರ್ಷದ ಹಿಂದೆ ಪೇಪರ್ ತಿದ್ದುವಾಗ ಇದೇ ಪ್ರಶ್ನೆಗೆ ಒಂದು ಮಗು, ಕರಾವಳಿಯದಿರಬೇಕು, ‘ಗೇರುಹಣ್ಣಿನ ವಾಸನೆ’ ಎಂದು ಬರೆದಿತ್ತು. ನಾನು ಗೋಡಂಬಿಯನ್ನು ಪಾಯಸದಲ್ಲಿ ಕಂಡವಳೇ ಹೊರತು ಗೇರುಹಣ್ಣನ್ನು ಮೂಸಿದವಳಲ್ಲ. ಸ್ಕೀಮ್ ನೋಡಿದೆ, ಅದರಲ್ಲಿ ಗೇರುಹಣ್ಣು ಇರಲಿಲ್ಲ. ಕಟ್ಟುನಿಟ್ಟಾಗಿ ಸೊನ್ನೆ ಹಾಕಿ ಪುಟ ತಿರುಗಿಸಿದ್ದೆ.

ಸಿಂಧುವಿನ ಅರ್ಜಿಯನ್ನು ಹಾಕಿದೆ, ಆ ವಾಕ್ಯವನ್ನು ಹೊಡೆದುಹಾಕಲಿಲ್ಲ. ಆ ಮಗುವಿಗೂ ಪಾಸಿಗೆ ಒಂದು ಮಾರ್ಕು ಕಡಿಮೆ ಬಿದ್ದಿತ್ತೋ ಏನೋ, ಅದರ ಪರವಾಗಿ ಜಗಳಕ್ಕೆ ನಿಂತವರು ಯಾರಾದರೂ ಇದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.