ಗಾಲ್ಫ್ ಆಡುವವನಿಗೆ ಯಾರು ಹೆಣ್ಣು ಕೊಡ್ತಾರೆ

ಹೊಟ್ಟೆಪಾಡಿಗೆ ಗಾಲ್ಫ್ ಆಡುವವನು ವಾಡಿಯಲ್ಲಿ ಹುಟ್ಟಿದರೆ ಇಂಥವು ನಡೆಯುತ್ತಲೇ ಇರುತ್ತವೆ. ಬೇಡವೆಂದರೂ ಬಿಡುವುದಿಲ್ಲ. ಅಪ್ಪ ಸಿಮೆಂಟ್ ಫ್ಯಾಕ್ಟರಿಯಲ್ಲಿದ್ದರು. ಊರಾಚೆ ದೊಡ್ಡ ಸಾಹೇಬರು ಆಡುವ ಮೈದಾನವಿತ್ತು. ಮೊದಲು ಅವರ ಚೀಲ ಹೊತ್ತೆ, ಆಮೇಲೆ ಅವರು ಬಿಸಾಕಿದ ಕೋಲಿನಿಂದ ಹೊಡೆದೆ, ಆಮೇಲೆ ಅವರನ್ನೇ ಸೋಲಿಸಿದೆ. ಈಗ ದೇಶದ ತುಂಬ ಪಂದ್ಯ ಆಡುತ್ತೇನೆ. ಒಮ್ಮೊಮ್ಮೆ ಗೆಲ್ಲುತ್ತೇನೆ ಕೂಡ.

ನಮ್ಮವ್ವನಿಗೆ ಇದು ಯಾವುದೂ ಲೆಕ್ಕಕ್ಕಿಲ್ಲ. ಒಂದು ದಿನ ಖಡಾಖಂಡಿತ ಹೇಳಿದಳು: "ಯುಗಾದಿ ಒಳಗ ಹೆಣ್ಣು ಗೊತ್ತಾತಂದ್ರ ಆಡು. ಇಲ್ಲಾಂದ್ರ ಆ ಕೋಲು ಅಟ್ಟದ ಮ್ಯಾಲ ಒಗದು ಫ್ಯಾಕ್ಟರಿಗಿ ಹೋಗು." ಹೀಗೆ ನನ್ನ ಆಟದ ಭವಿಷ್ಯ ನಾನು ಮುಖ ನೋಡದ ಯಾವುದೋ ಹುಡುಗಿಯ ಅಪ್ಪನ ಕೈಗೆ ಹೋಯಿತು. ಸೋದರಮಾವನನ್ನು ಕರೆದುಕೊಂಡು ಹೆಣ್ಣು ನೋಡಲು ಹೊರಟೆ. ನನ್ನ ಪರವಾಗಿ ಮಾತಾಡುವ ಹೊಣೆ ಅವರದು.

ಸೇಡಂ

ಹುಡುಗಿಯ ಅಪ್ಪ ನನ್ನನ್ನು ಬಿಟ್ಟು ಸೋದರಮಾವನನ್ನು ಕೇಳಿದರು: "ಹುಡುಗ ಏನ್ ಮಾಡ್ತಾನ್ರಿ?"

"ಗಾಲ್ಫ್ ಆಡ್ತಾನ್ರಿ."

"ಆಡ್ಲಿ ಬಿಡ್ರಿ, ಈ ವಯಸ್ಸಿನಾಗ ಎಲ್ಲಾರೂ ಆಡ್ತಾರ. ಕೆಲಸ ಏನ್ ಮಾಡ್ತಾನ?"

"ಅದೇ ಕೆಲಸರಿ. ಮುಂಜಾನಿಂದ ಸಂಜಿತನ ಆಡ್ತಾನ."

ಅವರು ಅಡುಗೆಮನೆಯ ಕಡೆ ತಿರುಗಿ ಕೂಗಿ ಹೇಳಿದರು: "ಚಾ ಅಷ್ಟೇ ತಾ. ಉಪ್ಪಿಟ್ಟು ಇರ್ಲಿ."

ಚಿತ್ತಾಪುರ

ಇಲ್ಲಿ ಹುಡುಗಿಯ ಅಪ್ಪ ತಾಲೂಕು ಕಚೇರಿಯಿಂದ ನಿವೃತ್ತರಾದವರು. ಅವರಿಗೆ ನನ್ನ ಮುಪ್ಪಿನದೇ ಚಿಂತೆ. "ಪಿಂಚಣಿ ಇಲ್ಲ ಅಂತೀರಿ. ವಯಸ್ಸಾದ ಮ್ಯಾಲ ಏನ್ ಮಾಡ್ತೀರಿ?" ಅಂದರು.

ನಾನು ಹೆಮ್ಮೆಯಿಂದಲೇ ಹೇಳಿದೆ: "ನಮ್ಮ ಆಟಕ್ಕ ನಿವೃತ್ತಿನೇ ಇಲ್ರಿ. ಐವತ್ತು ದಾಟಿದವರಿಗಂತನೇ ಬ್ಯಾರೆ ಪಂದ್ಯ ಇರ್ತಾವ."

ಮೂಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದ ಹುಡುಗಿಯ ಅಜ್ಜಿ ಮೊರ ಕೆಳಗಿಟ್ಟಳು. "ಅಂದ್ರ ಇಂವ ಸಾಯೋತನ ದೊಡ್ಡಾಂವ ಆಗಾಂಗಿಲ್ಲ."

ಚಿಂಚೋಳಿ

ಚಂದ್ರಂಪಳ್ಳಿ ಕಡೆಯ ಮನೆ. ಒಕ್ಕಲುತನದವರು, ಒಳ್ಳೆಯ ಜನ. ಉಪ್ಪಿಟ್ಟು ಸಿಕ್ಕಿತು. "ಮಾತು ಬ್ಯಾಡ, ಒಮ್ಮಿ ಹೊಡದು ತೋರಸ್ರಿ" ಅಂದರು. ತೊಗರಿ ಕೊಯ್ದು ಖಾಲಿಯಾದ ಹೊಲದಲ್ಲಿ ನಿಂತು ಬೀಸಿ ಹೊಡೆದೆ. ಚೆಂಡು ಕಣ್ಣಿಗೆ ಕಾಣದಷ್ಟು ದೂರ ಹೋಯಿತು. ಚಪ್ಪಾಳೆ ಬರುತ್ತದೆಂದು ಕಾದೆ.

ಹುಡುಗಿಯ ಅವ್ವ ಕೇಳಿದರು: "ಹೋತಲ್ಲಪ. ಇನ್ನ ಏನ್ ಮಾಡ್ತಿ?"

"ನಡಕೋತ ಹೋಗಿ ಮತ್ತ ಹೊಡೀತೀನ್ರಿ."

"ಆಮ್ಯಾಲ?"

"ಮತ್ತ ನಡೀತೀನ್ರಿ."

ಆಕೆಗೆ ನನ್ನ ಮೇಲೆ ನಿಜವಾಗಿಯೂ ಮರುಕ ಬಂತು. "ಇಷ್ಟು ಬಿಸಿಲಾಗ ನಡಿಯೂದು ಇರ್ತಂದ್ರ, ಹತ್ರ ಹೊಡಿ ಅಂತ ನಿನಗ ಯಾರೂ ಹೇಳಲಿಲ್ಲೇನಪ?"

ಶಹಾಬಾದ

ಈ ಹುಡುಗಿ ನನ್ನ ಮನಸ್ಸಿಗೆ ಬಂದಳು. ಉಳಿದವರೆಲ್ಲ ಕೆಲಸ, ಪಿಂಚಣಿ ಕೇಳಿದರೆ ಇವಳು, "ಸೋತ ದಿನ ಊಟ ಮಾಡ್ತೀರೋ ಇಲ್ಲೋ?" ಅಂದಳು. "ಎರಡು ರೊಟ್ಟಿ ಜಾಸ್ತಿನೇ ತಿಂತೀನ್ರಿ" ಅಂದೆ. ನಕ್ಕಳು. ನನಗೆ ಅಷ್ಟು ಸಾಕಾಯಿತು. ಅವಳಪ್ಪನಿಗೆ ಸಾಕಾಗಲಿಲ್ಲ. ಕಲ್ಲಿನ ಗಣಿಯಲ್ಲಿ ಮೇಸ್ತ್ರಿಯಾಗಿದ್ದವರು. "ನಿಮ್ಮ ಕೆಲಸ ಕಣ್ಣಾರೆ ನೋಡಿ ಹೇಳ್ತೀನಿ" ಅಂದುಬಿಟ್ಟರು. ಯುಗಾದಿ ಹತ್ತಿರ ಬಂದಿತ್ತು. ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಅಷ್ಟರಲ್ಲಿ ವಾಡಿಯ ನಮ್ಮ ಮೈದಾನದಲ್ಲೇ ಒಂದು ಪಂದ್ಯ ಬಂತು. ಒಂದು ಕುಣಿಗೆ, ಅಂದರೆ ಚೆಂಡು ಬೀಳಬೇಕಾದ ಗುಂಡಿಗೆ, ಒಂದೇ ಏಟಿನಲ್ಲಿ ಚೆಂಡು ಹಾಕಿದವನಿಗೆ ಕಾರು ಇನಾಮು. ಅದು ರಿಬ್ಬನ್ ಕಟ್ಟಿಕೊಂಡು ಅಲ್ಲೇ ನಿಂತಿತ್ತು. ಆ ಕುಣಿ ಇರುವುದು ದಿಬ್ಬದ ಆಚೆ. ಹೊಡೆಯುವವನಿಗೆ ಕಾಣುವುದು ಅದರಲ್ಲಿ ನೆಟ್ಟ ಕೆಂಪು ಬಾವುಟದ ತುದಿ ಮಾತ್ರ. ಅದಕ್ಕೇ ಚೆಂಡು ಬಿತ್ತೋ ಇಲ್ಲವೋ ನೋಡಿ ಹೇಳಲು ಅಲ್ಲೊಬ್ಬ ಕಾವಲಿನವನನ್ನು ನಿಲ್ಲಿಸಿದ್ದರು.

ಮೇಸ್ತ್ರಿ ಒಂದು ಕ್ರೂಸರ್ ಜೀಪಿನ ತುಂಬ ಬಂಧುಗಳನ್ನೂ ರೊಟ್ಟಿ ಗಂಟನ್ನೂ ಹೇರಿಕೊಂಡು ಬಂದು ಸರಿಯಾಗಿ ಆ ದಿಬ್ಬದ ಆಚೆಯೇ ಇಳಿದರು. ಅವರಿಗೆ ಆಟ ತಿಳಿಸಿ ಹೇಳುವ ಕೆಲಸ ಸೋದರಮಾವನಿಗೆ ವಹಿಸಿದ್ದೆ. ಸೋದರಮಾವ ಗಂಟು ಬಿಚ್ಚಿದ್ದೇ ಬೇವಿನ ಮರದ ಕೆಳಗೆ ಪುಂಡಿಪಲ್ಯಕ್ಕೆ ಕೂತರು. ಬೀಗರ ಕಡೆಯವರು ಕಾವಲಿನವನನ್ನೂ ಬಿಡದೆ ಕೈಹಿಡಿದು ಕೂರಿಸಿದರು. ಎದ್ದು ನಿಂತು ನೋಡುತ್ತಿದ್ದವರು ಮೇಸ್ತ್ರಿ ಒಬ್ಬರೇ.

ನಾನು ಹೊಡೆದೆ. ಕೆಲವು ಏಟು ಕೈಗೇ ಗೊತ್ತಾಗುತ್ತವೆ, ಅಂಥ ಏಟು. ಅಂಪೈರೂ ನಾನೂ ದಿಬ್ಬ ಹತ್ತುವುದರೊಳಗೆ ಮೇಸ್ತ್ರಿ ಎದುರಿಗೆ ಓಡಿಬಂದರು. ನನ್ನನ್ನು ಬದಿಗೆಳೆದು ಚೆಂಡನ್ನು ಕೈಯಲ್ಲಿಟ್ಟು ಪಿಸುಗುಟ್ಟಿದರು: "ಅಂಜಬ್ಯಾಡ್ರಿ. ಬರೋಬ್ಬರಿ ಕೆಂಪು ನಿಶಾನಿ ಹಚ್ಚಿದ ಕುಣ್ಯಾಗೇ ಬಿದ್ದಿತ್ತು. ನಮ್ಮ ಗಣ್ಯಾಗ ಕೆಂಪು ನಿಶಾನಿ ಅಂದ್ರ ಸಿಡಿಮದ್ದು ತುಂಬಿದ ಕುಣಿ, ಅದರ ಹತ್ರ ಯಾರೂ ಹೋಗಾಂಗಿಲ್ಲ. ಜೀವ ಕೈಯಾಗ ಹಿಡಕೊಂಡು ತಗದೀನಿ. ಯಾರೂ ನೋಡಿಲ್ಲ."

"ಕುಣ್ಯಾಗಿತ್ತಂತ ಸಾಹೇಬರಿಗಿ ಹೇಳ್ರಿ" ಅಂದೆ. ನನ್ನ ಪ್ರಾಮಾಣಿಕತೆ ಕಂಡು ಅವರ ಕಣ್ಣು ತೇವವಾಯಿತು.

ಅಂಪೈರ್ ಕೇಳಿದ: "ಚೆಂಡು ಕುಣಿಯಲ್ಲಿತ್ತೇ?"

ಮೇಸ್ತ್ರಿ ಎದೆ ಸೆಟೆಸಿ ನಿಂತರು. "ಇಲ್ರಿ ಸಾಹೇಬ್ರ. ಕುಣಿಯಿಂದ ಭಾಳ ದೂರ ಬಿದ್ದಿತ್ತು. ನಮ್ಮ ಅಳಿಯ ಅಂಥಾ ತಪ್ಪು ಮಾಡಾಂವ ಅಲ್ಲ. ಬೇಕಾದ್ರ ಮನಿದೇವರ ಆಣಿ ಮಾಡ್ತೀನಿ."

ಅಳಿಯ ಅಂದಿದ್ದರು. ಅವರ ಆಣೆ ಸುಳ್ಳೆಂದರೆ ಕಾರು ಸಿಗುತ್ತದೆ, ಮಗಳು ಸಿಗುವುದಿಲ್ಲ. ನಾನು ತುಟಿ ಬಿಚ್ಚಲಿಲ್ಲ. ಅವರು ಕೈತೋರಿಸಿದ ಕಡೆ, ದೂರದ ಜಾಲಿಗಿಡದ ಬುಡದಲ್ಲಿ, ಅಂಪೈರ್ ಚೆಂಡು ಇಟ್ಟ. ಅಲ್ಲಿಂದ ಮುಳ್ಳು ತರಚಿಸಿಕೊಂಡು ಆಡಿ ಮುಗಿಸಿದೆ.

ಹೊರಡುವಾಗ ಮೇಸ್ತ್ರಿ ಮಾವ ರಿಬ್ಬನ್ ಕಟ್ಟಿದ ಕಾರನ್ನು ಒಂದು ಸುತ್ತು ಹಾಕಿ, ಬಾನೆಟ್ ಮೇಲೆ ಕೈಯಾಡಿಸಿ, ನನ್ನ ಹೆಗಲು ತಟ್ಟಿದರು. "ಬ್ಯಾಸರ ಮಾಡ್ಕೋಬ್ಯಾಡ್ರಿ. ಮುಂದಿನ ಸಲ ಆ ಕುಣಿ ತಪ್ಪಿಸಿ ಹೊಡೀರಿ, ಇದೂ ನಿಮ್ದೇ ಆಗ್ತದ."