ಕಣ್ಣು ಕಟ್ಟಿಕೊಂಡ ಮೆನು ಮಹಾಶಯರು

ಮೆನು ಮಹಾಶಯರು ಹೋದ ಗುರುವಾರ ಬೆಳಗ್ಗೆ ತೀರಿಕೊಂಡರು. ಹೃದಯಾಘಾತ. ನೋಡಲು ಹೋದ ಗೆಳೆಯರಿಗೆ ಅವರ ಕೊನೆಯ ದಿನಗಳ ಕಥೆ ಹೇಳಿದ್ದು ಮನೆಯಾಕೆಯೇ. ಅಳುತ್ತಲೇ ಒಂದೆರಡು ಕಡೆ ನಕ್ಕರು.

ಅಡ್ಡಹೆಸರು ಗೆಳೆಯರಿಟ್ಟದ್ದು. ವೆಬ್‌ಸೈಟಿನ ನೆತ್ತಿಯ ಮೇಲೆ ಸಾಲಾಗಿ ಕೂತು, ಬಂದವರಿಗೆ ಎತ್ತ ಹೋಗಬೇಕೆಂದು ದಾರಿ ತೋರುವ ಮೆನುಗಳನ್ನು ರೂಪಿಸುವುದು ಅವರ ಕಸುಬು. (ಹೊಸದಾಗಿ ಪರಿಚಯವಾದವರು ಹೋಟೆಲು ಎಲ್ಲಿದೆ ಎಂದು ಕೇಳುತ್ತಿದ್ದರು.) ಊರಿನ ಗ್ರಂಥಾಲಯಕ್ಕೆ ಹೊಸ ವೆಬ್‌ಸೈಟು ಕಟ್ಟಿಕೊಟ್ಟ ಮೇಲಂತೂ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದರ ಮೆನುವಿನಲ್ಲಿ ಪದಗಳೇ ಇಲ್ಲ, ಬರೀ ಪುಟ್ಟ ಚಿತ್ರಗಳು. ಮೌಸ್ ಹತ್ತಿರ ಸುಳಿದರೆ ಸಾಕು, ಹೂವಿನಂತೆ ಅರಳುತ್ತಿದ್ದವು.

ಅರಳದಿದ್ದದ್ದು ಮನೆಯಾಕೆಯ ಮುಖ ಮಾತ್ರ. ಕಾಯಿಲೆಯಿಂದ ಅವರಿಗೆ ದೃಷ್ಟಿ ಹೋಗಿ ಕೆಲವು ವರ್ಷಗಳಾಗಿದ್ದವು. ಪರದೆಯ ಮೇಲಿದ್ದದ್ದನ್ನು ಕಂಪ್ಯೂಟರು ಓದಿ ಹೇಳುತ್ತಿತ್ತು, ಅವರು ಕೀಲಿಮಣೆ ಒತ್ತುತ್ತ ಸಾಗುತ್ತಿದ್ದರು. ಹಳೆಯ ಸೈಟಿನಲ್ಲಿ ಕೇಳುವ ಪುಸ್ತಕಗಳನ್ನು ತಾವೇ ಆರಿಸಿಕೊಳ್ಳುತ್ತಿದ್ದವರು ಈಗ ಗಂಡನ ಮುಂದೆ ಕೈಯೊಡ್ಡಬೇಕಾಯಿತು. ಮಹಾಶಯರೋ, ಪತ್ತೇದಾರಿ ಕಾದಂಬರಿ ಕೇಳಿದರೆ ಮಹಾಪುರುಷರ ಜೀವನಚರಿತ್ರೆ ತೆಗೆದುಕೊಡುವವರು. ಕೊಲೆಯೇ ಇಲ್ಲದ ದಪ್ಪ ಸಂಪುಟಗಳನ್ನು ಆಕೆ ತಾಳ್ಮೆಯಿಂದ ಕೇಳಿದರು. (ಮಹಾಪುರುಷರೆಲ್ಲ ಹಾಸಿಗೆಯಲ್ಲೇ ಸತ್ತರು.) ಇನ್ನೊಂದು ಸಂಪುಟ ಬಂದಾಗ ಊಟದ ಮೇಜಿನಲ್ಲಿ ವಿಷಯ ಎತ್ತಿದರು.

"ರೀ, ನನ್ನ ಪುಸ್ತಕ ನಾನೇ ತಗೋಬೇಕು. ನಿಮ್ಮ ಮೆನು ನನ್ನ ಹತ್ರ ಮಾತೇ ಆಡಲ್ಲ."

"ಸುಮ್ನೆ ಏನೇನೋ ಅನ್ನಬೇಡ ಕಣೇ. ಕಣ್ಣು ಕಟ್ಕೊಂಡು ಓಡಾಡ್ತೀನಿ ನಾನು ಅದರಲ್ಲಿ."

"ಹಾಗಾದ್ರೆ ಕಟ್ಕೊಳ್ಳಿ."

ಮಾತಿಗೆ ಹೇಳಿದ್ದು ಕುತ್ತಿಗೆಗೆ ಬಂತು. ಗ್ರಂಥಾಲಯದ ತಮ್ಮ ಸದಸ್ಯತ್ವದಿಂದ ಸೈಟಿನ ಒಳಹೊಕ್ಕು ಕೂತ ಅಪ್ಪನ ಕಣ್ಣಿಗೆ ಮಗಳು ಮಫ್ಲರ್ ಬಿಗಿದಳು. ಮೌಸನ್ನು ಎತ್ತಿ ಅಡುಗೆಮನೆಯಲ್ಲಿಟ್ಟು ಬಂದಳು. ಮಹಾಶಯರು ದಿಗ್ವಿಜಯಕ್ಕೆ ಹೊರಟರು. ಕೀಲಿ ಒತ್ತಿದರೆ ಕಂಪ್ಯೂಟರು "ಬಟನ್" ಎಂದಿತು. ಮತ್ತೆ ಒತ್ತಿದರೆ ಮತ್ತೆ "ಬಟನ್". ಚಿತ್ರಗಳಿಗೆ ಹೆಸರಿಡುವುದನ್ನು ಸೃಷ್ಟಿಕರ್ತರು ಮರೆತಿದ್ದರು. ಆದರೇನು, ಯಾವುದರ ಪಕ್ಕ ಯಾವುದಿದೆ ಎಂಬುದು ಅವರಿಗೆ ಬಾಯಿಪಾಠ. ಆದರೆ ಬಾಯಿಪಾಠವಾಗಿದ್ದದ್ದು ಕಣ್ಣಿಗೆ ಕಾಣುವ ಸಾಲು. ಅಂದ ಹೆಚ್ಚಲೆಂದು ಚಿತ್ರಗಳನ್ನು ಅತ್ತಿಂದಿತ್ತ ಸರಿಸಿದ್ದರಿಂದ, ಕೀಲಿ ಒತ್ತಿದಾಗ ಒಂದರಿಂದೊಂದಕ್ಕೆ ಸಾಗುವ ಸಾಲೇ ಬೇರೆಯಾಗಿತ್ತು. ಕೇಳುವ ಪುಸ್ತಕಗಳ ಬಾಗಿಲು ಇದೇ ಎಂದುಕೊಂಡು ಒಂದನ್ನು ಒತ್ತಿದರು. ಮುಂದೆಯೂ "ಬಟನ್" ಎಂದಾಗ ಅದನ್ನೂ ಗತ್ತಿನಿಂದ ಒತ್ತಿದರು.

ಆಗ ಕಂಪ್ಯೂಟರು ಹೇಳಿತು: "ನಿಮ್ಮ ಸದಸ್ಯತ್ವ ರದ್ದಾಗಿದೆ. ಇಷ್ಟು ಕಾಲ ನಮ್ಮೊಂದಿಗೆ ಇದ್ದುದಕ್ಕೆ ಧನ್ಯವಾದ."

ಮಗಳು ಮೌಸ್ ತರಲು ಅಡುಗೆಮನೆಗೆ ಓಡಿದಳು.

"ಅಂತೂ ಒಂದು ಪೂರ್ತಿ ವಾಕ್ಯ ಆಡ್ತಲ್ಲ," ಎಂದರು ಮನೆಯಾಕೆ.

ಮಹಾಶಯರು ಮಫ್ಲರ್ ಬಿಚ್ಚಿ, ಗ್ರಂಥಾಲಯದವರ ಒಪ್ಪಿಗೆ ಪಡೆದು ಕೆಲಸಕ್ಕೆ ಕೂತರು. ಪ್ರತಿ ಚಿತ್ರಕ್ಕೂ ನಾಮಕರಣವಾಯಿತು. ಕಾಣುವ ಸಾಲೂ ಕೇಳುವ ಸಾಲೂ ಒಂದಾದವು. ಮೆನುವಿನ ಪುರಾಣವನ್ನೆಲ್ಲ ದಾಟಿ ನೇರ ಪುಸ್ತಕಗಳಿಗೆ ಹೋಗಲು ಮೊದಲಲ್ಲೇ ಒಂದು ಒಳದಾರಿಯೂ ಆಯಿತು. ಪಕ್ಕದಲ್ಲಿ ಕೂತ ಮನೆಯಾಕೆ ಇದನ್ನು ಮುಚ್ಚುವುದು ಹೇಗೆ, ಇದರ ಹೆಸರು ನನಗೆ ಅರ್ಥವಾಗಲಿಲ್ಲ ಎಂದು ಮತ್ತೆ ಮತ್ತೆ ವಾಪಸು ಕಳಿಸಿದರು. ಅಷ್ಟು ಕಟ್ಟುನಿಟ್ಟಿನ ಗಿರಾಕಿಯನ್ನು ಮಹಾಶಯರು ಹೊರಗೆಲ್ಲೂ ಕಂಡಿರಲಿಲ್ಲವಂತೆ.

ಹೋದ ಬುಧವಾರ ಸಂಜೆ ಆಕೆ ಒಬ್ಬರೇ ಒಳಹೊಕ್ಕು, ಮೊದಲ ಪುಟದಲ್ಲೇ ಹೆಣ ಬೀಳುವ ಕಾದಂಬರಿಯೊಂದನ್ನು ಆರಿಸಿಕೊಂಡರು. ಮಧ್ಯೆ ಬಾಯಿ ಹಾಕದೆ ಕೂರಲು ಮಹಾಶಯರು ಪಟ್ಟ ಪಾಡು ಮಗಳಿಗೆ ಗೊತ್ತು. ಆದರೆ ಅವರ ಕಷ್ಟ ಅಲ್ಲಿಗೇ ಮುಗಿದಿರಲಿಲ್ಲ. ಹೊಸ ಸದಸ್ಯತ್ವಕ್ಕೆ ಕೊಟ್ಟ ಅರ್ಜಿ ಗ್ರಂಥಾಲಯ ಸಮಿತಿಯ ಮುಂದಿನ ಸಭೆಗೆ ಕಾಯುತ್ತಿತ್ತು. ಅಲ್ಲಿಯವರೆಗೆ ಆ ವೆಬ್‌ಸೈಟು ಕಟ್ಟಿದವರಿಗೇ ಒಂದು ಪುಸ್ತಕ ಹುಟ್ಟುವಂತಿರಲಿಲ್ಲ. ಕೊನೆಗೆ, ನಿನ್ನ ಲೆಕ್ಕದಲ್ಲಿ ನನಗೂ ಒಂದು ತೆಗೆದುಕೊಡುತ್ತೀಯಾ ಎಂದು ಕೇಳಿದರು.

"ಯಾವುದು ಬೇಕು?" ಮನೆಯಾಕೆಯ ಬೆರಳು ಕೀಲಿಯ ಮೇಲೆಯೇ ಇತ್ತು. "ಮಹಾಪುರುಷರದ್ದಾ?"

ಮಹಾಶಯರು ಯೋಚಿಸಿದರು.

"ನಿನಗೆ ಯಾವುದು ಇಷ್ಟವೋ ಅದೇ ತೆಗಿ," ಎಂದು ಕುರ್ಚಿಯನ್ನು ಹೆಂಡತಿಯ ಪಕ್ಕಕ್ಕೆ ಎಳೆದುಕೊಂಡು, ಕೇಳಲು ಕೂತರು.